ಅಂಗಾಲು ನೋವು: ಮೊದಲು ಹಳೇ ಚಪ್ಪಲಿ ತಿರುಗಿಸಿ ನೋಡಿ

ಎತ್ತು ಕುಂಟಿದರೆ ನಾವು ಅವತ್ತೇ ಗೊರಸು ಎತ್ತಿ ನೋಡುತ್ತೇವೆ. ಲಾಳ ಸವೆದಿದೆಯಾ, ಕಲ್ಲು ಸಿಕ್ಕಿದೆಯಾ, ಮುಳ್ಳು ಹೊಕ್ಕಿದೆಯಾ ಅಂತ ಹುಡುಕುತ್ತೇವೆ. ನಮ್ಮದೇ ಕಾಲು ನೊಂದರೆ ಮಾತ್ರ ಆರು ತಿಂಗಳಾದರೂ ಮಗುಚಿ ನೋಡುವುದಿಲ್ಲ. ನಾನೂ ಹಾಗೇ ಇದ್ದವನು. ಅದರಿಂದ ನನಗೆ ಮೂರು ತಿಂಗಳ ಕೆಲಸ ಹೋಯಿತು. ನಮ್ಮಣ್ಣನಿಗೆ ಎರಡು ಬೆರಳು ಹೋದವು.

ನಮ್ಮದು ಮಾಲೂರು ತಾಲ್ಲೂಕಿನಲ್ಲಿ 3 ಎಕರೆ 10 ಗುಂಟೆ ಖುಷ್ಕಿ. ಗರಸು ಬೆರೆತ ಕೆಂಪು ಮಣ್ಣು. ರಾಗಿ, ಅಕ್ಕಡಿ ಸಾಲಿಗೆ ಅವರೆ, ತೊಗರಿ. ಮಳೆ ಬಂದರೆ ಬೆಳೆ. ನಾನು ಓದಿದ್ದು ಏಳನೇ ಕ್ಲಾಸು. ನಾನು ಡಾಕ್ಟರಲ್ಲ, ನಾಟಿ ವೈದ್ಯನೂ ಅಲ್ಲ. ಡಾಕ್ಟರ ಹತ್ತಿರ ಕೇಳಿ ತಿಳಿದದ್ದು ಮತ್ತು ನಾನೇ ಮಾಡಿ ನೋಡಿದ್ದು ಎರಡನ್ನೂ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ರಾಗಿ ಕಳೆ ತೆಗೆಯುವಾಗ ಶುರುವಾಯಿತು. ಬಲಗಾಲಿನ ಅಂಗಾಲಿನ ಮುಂದಿನ ಉಬ್ಬು ಇದೆಯಲ್ಲ, ಬೆರಳುಗಳ ಬುಡ, ಅಲ್ಲಿ ನೋವು. ಎರಡನೇ ಮೂರನೇ ಬೆರಳ ಕೆಳಗೆ ಕಡಲೆಕಾಳಿನಷ್ಟು ಕಲ್ಲು ಸೇರಿದ ಹಾಗೆ ಚುಚ್ಚುತ್ತಿತ್ತು. ಚಪ್ಪಲಿ ಬಿಚ್ಚಿ ಕೊಡವಿದರೆ ಕಲ್ಲೇ ಇಲ್ಲ. ಕೂತರೆ ಕಡಿಮೆ, ನಿಂತರೆ ಜಾಸ್ತಿ. ಹೊಲದಿಂದ ಮನೆಗೆ ಬರುವಷ್ಟರಲ್ಲಿ ಹಿಮ್ಮಡಿ ಊರಿಕೊಂಡು ಬಾತುಕೋಳಿ ಥರ ನಡೆಯುತ್ತಿದ್ದೆ.

ಔಷಧಿ ಅಂಗಡಿಯೊಂದರಲ್ಲಿ ಕೇಳಿ ನೋವಿನ ಮಾತ್ರೆ ತಂದೆ. ತಿಂದ ದಿನ ಆರಾಮ, ಮರುದಿನ ಮತ್ತೆ ಅದೇ. ಹೀಗೆ ಎರಡು ತಿಂಗಳು. ಕಾಲು ನೋವು ಹೋಗಲಿಲ್ಲ, ಹೊಟ್ಟೆ ಉರಿ ಹೊಸದಾಗಿ ಬಂತು. ಆಮೇಲೆ ಜಡ್ಡುಗಟ್ಟಿದ ಜಾಗವನ್ನು ಬ್ಲೇಡಿನಲ್ಲಿ ಕೆತ್ತಿದೆ. ರಕ್ತ ಬಂತು, ಕೀವಾಯಿತು, ರಾಗಿ ಕೊಯ್ಲಿನ ಹೊತ್ತಿಗೆ ನಾನು ಮಂಚದ ಮೇಲೆ. ಆಳಿಟ್ಟು ಕೊಯ್ಲು ಮಾಡಿಸಬೇಕಾಯಿತು.

ನಮ್ಮಣ್ಣ ನನಗಿಂತ ಆರು ವರ್ಷ ದೊಡ್ಡವನು. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ. ನನ್ನನ್ನು ನೋಡಿ ನಗುತ್ತಿದ್ದ. "ಲೋ, ನನಗೂ ಅಲ್ಲೇ ಜಡ್ಡಿದೆ ನೋಡು. ನನಗೇನಾದ್ರೂ ನೋವೈತಾ? ನೀನು ಮೆತ್ತಗಾಗ್ಬಿಟ್ಟೆ" ಅಂತಿದ್ದ. ಈ ಮಾತು ನೆನಪಿನಲ್ಲಿಡಿ, ಮುಂದೆ ಬರುತ್ತದೆ.

ದಂಡಿನ ಆಸ್ಪತ್ರೆಗೆ

ನಮ್ಮ ಮಗಳನ್ನು ಹಲಸೂರಿಗೆ ಕೊಟ್ಟಿದ್ದೇವೆ. "ಅಪ್ಪಾ, ಇಲ್ಲಿ ಬೌರಿಂಗಿಗೆ ಬಾ, ಸುಮ್ಮನೆ ಮಾತ್ರೆ ನುಂಗಬೇಡ" ಅಂತ ಹಠ ಹಿಡಿದಳು. ಮಾಲೂರಿನಲ್ಲಿ ರೈಲು ಹತ್ತಿದೆ. ದೇವನಗೊಂದಿ, ವೈಟ್‌ಫೀಲ್ಡ್, ಕೆ.ಆರ್. ಪುರ ದಾಟಿ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿದೆ. ನಮ್ಮ ಕಡೆ ಹಳಬರು ಅದನ್ನು ಈಗಲೂ ದಂಡು ಸ್ಟೇಷನ್ ಅಂತಲೇ ಅನ್ನುತ್ತಾರೆ. 1809ರಲ್ಲಿ ಇಂಗ್ಲಿಷರು ಇಲ್ಲಿ ಸೈನ್ಯದ ದಂಡು ಇಟ್ಟರು, ಅದರ ಹೆಸರು ಉಳಿದುಕೊಂಡಿದೆ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯೂ ಆ ಕಾಲದ್ದೇ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನದು, 1868ರಿಂದ ನಡೆಯುತ್ತಿದೆ. ಸರ್ಕಾರಿ ಆಸ್ಪತ್ರೆ.

ಬೆಳಿಗ್ಗೆಯೇ ಹೋಗಿ ಚೀಟಿ ಮಾಡಿಸಿದೆವು. ಮೂಳೆ ವಿಭಾಗದಲ್ಲಿ ಒಬ್ಬರು ಲೇಡಿ ಡಾಕ್ಟರು. ನಾನು ಕಾಲು ಚಾಚಿದರೆ ಅವರು ಮೊದಲು ನೋಡಿದ್ದು ಕಾಲನ್ನಲ್ಲ. "ಯಜಮಾನ್ರೇ, ಆ ಚಪ್ಪಲಿ ಕೊಡಿ ಇಲ್ಲಿ" ಅಂದರು. ನನಗೆ ನಾಚಿಕೆಯಾಯಿತು. ನಾಲ್ಕು ವರ್ಷದ ಹವಾಯಿ ಚಪ್ಪಲಿ ಅದು, ಉಂಗುಷ್ಟ ಕಿತ್ತು ಪಿನ್ನು ಹಾಕಿತ್ತು. ಅವರು ತಿರುಗಿಸಿ ಬೆಳಕಿಗೆ ಹಿಡಿದರು. ಎರಡನೇ ಮೂರನೇ ಬೆರಳ ಬುಡ ಕೂರುವ ಜಾಗದಲ್ಲಿ ರಬ್ಬರು ಸವೆದು ಕಾಗದದಷ್ಟು ತೆಳುವಾಗಿತ್ತು.

"ನೋಡಿ, ನಿಮ್ಮ ಕಾಯಿಲೆ ಇಲ್ಲೇ ಬರೆದಿದೆ" ಅಂದರು.

ಗಾಡಿಯ ಚಕ್ರ ಒಂದೇ ಕಡೆ ಸವೆದರೆ ಅಚ್ಚು ಸೊಟ್ಟಗಿದೆ ಅಂತ ನಮಗೆ ಗೊತ್ತಾಗುತ್ತದೆ. ಕಾಲಿನ ಲೆಕ್ಕವೂ ಅಷ್ಟೇ.

ಭಾರ ಎಲ್ಲಿ ಬೀಳುತ್ತೆ?

ಒಂದು ಪಾದದಲ್ಲಿ 26 ಮೂಳೆ. ಬೆರಳುಗಳ ಹಿಂದೆ ಐದು ಉದ್ದ ಮೂಳೆ ಸಾಲಾಗಿವೆ. ಅವುಗಳ ತುದಿಯ ಗುಂಡೇ ಅಂಗಾಲಿನ ಮುಂದಿನ ಉಬ್ಬು. ಹೆಬ್ಬೆರಳ ಗುಂಡಿನ ಕೆಳಗೆ ಬಟಾಣಿಯಷ್ಟು ದೊಡ್ಡ ಎರಡು ಬಿಡಿ ಮೂಳೆ ಬೇರೆ ಇವೆ. ಗುಂಡುಗಳ ಕೆಳಗೆ ಕೊಬ್ಬಿನ ಮೆತ್ತೆ ಇರುತ್ತದೆ. ವಯಸ್ಸಾದಂತೆ ಹಳೇ ಹಾಸಿಗೆಯ ಹತ್ತಿ ಹಾಗೆ ಈ ಮೆತ್ತೆ ತೆಳುವಾಗುತ್ತದೆ.

ನಡೆಯುವಾಗ ಹಿಮ್ಮಡಿ ಮೇಲೆದ್ದ ಗಳಿಗೆ ಇಡೀ ಮೈ ಭಾರ ಆ ಒಂದು ಕಾಲಿನ ಉಬ್ಬಿನ ಮೇಲೆ. ಐದು ಗುಂಡಿಗೂ ಹಂಚಿಹೋದರೆ ತೊಂದರೆಯಿಲ್ಲ. ಒಂದೆರಡು ಗುಂಡಿನ ಮೇಲೇ ಬಿದ್ದರೆ ಅಲ್ಲಿ ಊತ, ನೋವು. ಚರ್ಮ ತನ್ನನ್ನು ಕಾಪಾಡಿಕೊಳ್ಳಲು ಜಡ್ಡುಗಟ್ಟುತ್ತದೆ. ಆ ಜಡ್ಡು ದಪ್ಪವಾಗಿ ಅದೇ ಕಲ್ಲಿನ ಹಾಗೆ ಒತ್ತುತ್ತದೆ.

ಕೆಲವರಿಗೆ ಎರಡನೇ ಬೆರಳಿನ ಮೂಳೆ ಹುಟ್ಟಿನಿಂದಲೇ ಉದ್ದ. ಕೆಲವರ ಅಂಗಾಲಿನ ಕಮಾನು ಎತ್ತರ. ಹೆಬ್ಬೆರಳು ಪಕ್ಕಕ್ಕೆ ವಾಲಿದ್ದರೂ ಭಾರ ಎರಡನೇ ಬೆರಳ ಬುಡಕ್ಕೆ ದಾಟುತ್ತದೆ. ನನಗೆ ಇದ್ದದ್ದು ಇನ್ನೊಂದು ಕಾರಣ. ಮೀನಖಂಡ ಬಿಗಿದುಕೊಂಡಿತ್ತು. ಮೀನಖಂಡ ಬಿಗಿಯಾದರೆ ಹಿಮ್ಮಡಿ ಬೇಗ ಮೇಲೇಳುತ್ತದೆ, ಮುಂದಿನ ಉಬ್ಬು ಜಾಸ್ತಿ ಹೊತ್ತು ಭಾರ ಹೊರುತ್ತದೆ.

ನಮ್ಮ ಕೆಲಸದಲ್ಲೇ ಇದೆ ಕಾರಣ

ಮನೆಗೆ ಬಂದು ನಾನು ಯಾವ್ಯಾವ ಕೆಲಸದಲ್ಲಿ ಉಬ್ಬಿನ ಮೇಲೆ ನಿಲ್ಲುತ್ತೇನೆ ಅಂತ ಲೆಕ್ಕ ಹಾಕಿದೆ.

ಕಳೆ ತೆಗೆಯುವುದು: ಕುಕ್ಕರಗಾಲಲ್ಲಿ ಕೂತು ಹಿಮ್ಮಡಿ ಎತ್ತಿ, ಬೆರಳು ಮಡಚಿ, ಸಾಲಿನಲ್ಲಿ ಮುಂದೆ ಮುಂದೆ ಸರಿಯುತ್ತೇವೆ. ದಿನಕ್ಕೆ ಆರು ತಾಸು ಇಡೀ ಮೈ ಹತ್ತು ಬೆರಳ ಬುಡದ ಮೇಲೆ. ಹೆಂಗಸರು ಇದನ್ನು ನಮಗಿಂತ ಹೆಚ್ಚು ಮಾಡುತ್ತಾರೆ. ಹೇಳಿಕೊಳ್ಳುವುದಿಲ್ಲ ಅಷ್ಟೆ.

ಔಷಧಿ ಹೊಡೆಯುವುದು: 16 ಲೀಟರಿನ ಕ್ಯಾನು ತುಂಬಿದರೆ ನೀರೇ 16 ಕಿಲೋ. ಡಬ್ಬದ ತೂಕ ಸೇರಿದರೆ 20 ಕಿಲೋ ಆಸುಪಾಸು. ಅದನ್ನು ಬೆನ್ನಿಗೆ ಹಾಕಿ ಹೆಂಟೆ ಮೇಲೆ ನಡೆದರೆ ಪ್ರತಿ ಹೆಜ್ಜೆಗೂ ಆ ಭಾರ ಉಬ್ಬಿಗೇ.

ಏಣಿ: ಹುಣಸೆ, ತೆಂಗು ಇಳಿಸುವಾಗ ಏಣಿಯ ದುಂಡು ಮೆಟ್ಟಿಲ ಮೇಲೆ ಮುಂಗಾಲಲ್ಲಿ ಗಂಟೆಗಟ್ಟಲೆ ನಿಲ್ಲುವುದು.

ಚಪ್ಪಲಿ: ಕೊನೆಗೆ ನಮ್ಮ ಜಿಪುಣತನ. ಎತ್ತಿಗೆ ಲಾಳ ಕಟ್ಟಿಸಲು ಲೆಕ್ಕ ನೋಡದವರು ಸವೆದ ಚಪ್ಪಲಿಯಲ್ಲಿ ಇನ್ನೊಂದು ವರ್ಷ ದೂಡುತ್ತೇವೆ. ಪೇಟೆಯಲ್ಲಿ ಸಿಮೆಂಟ್ ನೆಲದ ಮೇಲೆ ದಿನವಿಡೀ ನಿಲ್ಲುವ ನಮ್ಮ ಮಕ್ಕಳದ್ದೂ ಇದೇ ಪಾಡು. ಮೂತಿ ಚೂಪಾದ ಬೂಟು, ಎತ್ತರ ಹಿಮ್ಮಡಿಯ ಚಪ್ಪಲಿಯಂತೂ ಭಾರವನ್ನೆಲ್ಲ ಮುಂದಕ್ಕೇ ತಳ್ಳುತ್ತವೆ.

ಎಲ್ಲ ನೋವೂ ಒಂದೇ ಅಲ್ಲ

ಡಾಕ್ಟರು ನನ್ನನ್ನು ಹತ್ತಾರು ಪ್ರಶ್ನೆ ಕೇಳಿದರು. ಯಾಕೆ ಅಂತ ಕೇಳಿದ್ದಕ್ಕೆ ಬಿಡಿಸಿ ಹೇಳಿದರು. ಅದೇ ಜಾಗದ ನೋವಿಗೆ ಬೇರೆ ಬೇರೆ ಮೂಲ ಇರುತ್ತದೆ.

* ಮೂರನೇ ನಾಲ್ಕನೇ ಬೆರಳ ನಡುವೆ ಉರಿ, ಕರೆಂಟ್ ಹೊಡೆದ ಹಾಗೆ, ಬೆರಳಿಗೆ ಜೋಮು. ಬಿಗಿ ಬೂಟು ಬಿಚ್ಚಿದರೆ ಹಾಯೆನಿಸುತ್ತದೆ. ಇದು ನರ ಅದುಮಿ ದಪ್ಪಗಾಗಿದ್ದರ ಗುರುತು. ಅಮೆರಿಕದ ಮಾರ್ಟನ್ ಎಂಬ ಡಾಕ್ಟರು 1876ರಲ್ಲಿ ಇದರ ಬಗ್ಗೆ ಬರೆದರು. ಅವರ ಹೆಸರಿನಲ್ಲೇ ಕರೆಯುತ್ತಾರೆ.

* ಒಮ್ಮೆಲೇ ಹೆಚ್ಚು ನಡೆದ ಮೇಲೆ, ಉದಾಹರಣೆಗೆ ಪಾದಯಾತ್ರೆ ಹೋಗಿ ಬಂದ ಮೇಲೆ, ಪಾದದ ಮೇಲ್ಭಾಗ ಊದಿ ಒಂದು ಮೂಳೆಯನ್ನು ಒತ್ತಿದರೆ ಜೀವ ಹೋಗುವಷ್ಟು ನೋವು. ಇದು ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು. 1855ರಲ್ಲಿ ಜರ್ಮನಿ ಕಡೆಯ ಸೈನ್ಯದ ಡಾಕ್ಟರೊಬ್ಬರು ಕವಾಯತು ಮಾಡುವ ಸಿಪಾಯಿಗಳ ಕಾಲಲ್ಲಿ ಇದನ್ನು ಗುರುತಿಸಿದ್ದರಂತೆ. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಕಾಣದೆ ಇರಬಹುದು. ಕಾಣಲಿಲ್ಲ ಅಂತ ನಡೆದಾಡಿದರೆ ಬಿರುಕು ಮುರಿತವಾಗುತ್ತದೆ.

* ರಾತ್ರೋರಾತ್ರಿ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಾಗಿದರೂ ತಡೆಯಲಾಗದಷ್ಟು ನೋವು. ಇದು ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಿದ ಲಕ್ಷಣ. ಜೊತೆಗೆ ಜ್ವರ ಇದ್ದರೆ ಕೀಲಿನಲ್ಲಿ ಕೀವಾಗಿರಲೂಬಹುದು, ಅದಕ್ಕೆ ಅವತ್ತೇ ಆಸ್ಪತ್ರೆ.

* ಎರಡೂ ಕಾಲಿನ ಬೆರಳ ಬುಡ, ಜೊತೆಗೆ ಕೈ ಬೆರಳ ಗಿಣ್ಣು ನೋವು, ಬೆಳಿಗ್ಗೆ ಎದ್ದಾಗ ಗಂಟೆಗಟ್ಟಲೆ ಬಿಗಿತ. ಇದು ಕೀಲುವಾತ. ತಡ ಮಾಡಿದರೆ ಕೀಲು ಸೊಟ್ಟಗಾಗುತ್ತವೆ.

* ನಮ್ಮಲ್ಲಿ ಮರೆಯಬಾರದ್ದು ಮುಳ್ಳು. ಜಾಲಿ ಮುಳ್ಳು ಒಳಗೇ ಮುರಿದು ತಿಂಗಳುಗಟ್ಟಲೆ ಕೂತಿರುತ್ತದೆ. ಮುಳ್ಳು ಎಕ್ಸ್‌ರೇಯಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ, ಸ್ಕ್ಯಾನಿಂಗ್‌ನಲ್ಲಿ ಕಾಣಬಹುದು. ಮುಳ್ಳು ಚುಚ್ಚಿದ್ದು ನೆನಪಿದ್ದರೆ ಡಾಕ್ಟರಿಗೆ ಹೇಳಲೇಬೇಕು.

* ಆಣಿ ಮೇಲಿಂದ ಒತ್ತಿದರೆ ನೋವು. ಎರಡು ಪಕ್ಕದಿಂದ ಹಿಂಡಿದರೆ ನೋವಾಗಿ, ಒಳಗೆ ಕಪ್ಪು ಚುಕ್ಕಿ ಕಂಡರೆ ಅದು ಹೆಚ್ಚಾಗಿ ನರುಳ್ಳೆ.

ನನ್ನದು ಇದ್ಯಾವುದೂ ಅಲ್ಲ, ಬರೀ ಭಾರದ ನೋವು. ಬಹಳ ಜನರದ್ದು ಇದೇ ಆಗಿರುತ್ತದಂತೆ.

ನಾನು ಮಾಡಿದ ಚಿಕಿತ್ಸೆ

ಮೊದಲನೆಯದು, ದಪ್ಪ ಮೆತ್ತನೆ ತಳದ, ಮುಂದೆ ಅಗಲ ಇರುವ, ಹಿಂದೆ ಪಟ್ಟಿ ಇರುವ ಚಪ್ಪಲಿ. ಬೆರಳಲ್ಲಿ ಅದುಮಿ ಹಿಡಿದು ನಡೆಯುವ ಹವಾಯಿ ಬಿಟ್ಟೆ.

ಎರಡನೆಯದು, ಒಂದು ಸಣ್ಣ ದಿಂಬು. ಡಾಕ್ಟರು ಚೀಟಿಯಲ್ಲಿ ಚಿತ್ರ ಬರೆದು ಕೊಟ್ಟರು. ಶಿವಾಜಿನಗರ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ರಿಪೇರಿ ಮಾಡುವ ಒಬ್ಬರ ಬಳಿ ಹೋದೆ. ಅವರು ಚಿತ್ರ ನೋಡಿ, "ಅಣ್ಣಾ, ನೋವಿರೋ ಜಾಗಕ್ಕೆ ಕುಂಕುಮ ಹಚ್ಕೊಂಡು ಚಪ್ಪಲಿ ಮೆಟ್ಟಿ" ಅಂದರು. ಮಗಳು ಪಕ್ಕದ ಅಂಗಡಿಯಿಂದ ಕುಂಕುಮ ತಂದು ನೀರಲ್ಲಿ ಕಲಸಿ ಹಚ್ಚಿದಳು. ಚಪ್ಪಲಿ ಮೇಲೆ ಕೆಂಪು ಗುರುತು ಬಿತ್ತು. ನಾನು ದಿಂಬು ಆ ಗುರುತಿನ ಮೇಲೇ ಅಂಟಿಸುತ್ತಾರೆ ಅಂದುಕೊಂಡೆ. ಅವರು ಗುರುತಿನ ಹಿಂದೆ, ಹಿಮ್ಮಡಿ ಕಡೆಗೆ, ಒತ್ತಾಗಿ ಅಂಟಿಸಿದರು.

ಇದರಲ್ಲೇ ಗುಟ್ಟಿದೆ. ನೋಯುವ ಗುಂಡಿನ ಕೆಳಗೇ ದಿಂಬಿಟ್ಟರೆ ಒತ್ತಡ ಇನ್ನೂ ಜಾಸ್ತಿ. ಗುಂಡಿನ ಹಿಂದೆ ಇಟ್ಟರೆ ಆ ದಿಂಬು ಮೂಳೆಯನ್ನು ಕೊಂಚ ಎತ್ತಿ ಭಾರ ತಾನು ಹೊರುತ್ತದೆ. ಮೊದಲ ಎರಡು ದಿನ ಅಡಿಯಲ್ಲಿ ಏನೋ ಸಿಕ್ಕಿದ ಹಾಗಿತ್ತು, ಆಮೇಲೆ ಒಗ್ಗಿತು.

ಮೂರನೆಯದು, ಮೀನಖಂಡ ಸಡಿಲಿಸುವುದು. ಗೋಡೆಗೆ ಎರಡೂ ಕೈ ಊರಿ, ನೋವಿನ ಕಾಲು ಹಿಂದಿಟ್ಟು, ಮಂಡಿ ನೆಟ್ಟಗೆ, ಹಿಮ್ಮಡಿ ನೆಲಕ್ಕೆ ಒತ್ತಿ ಮುಂದಕ್ಕೆ ಬಾಗುವುದು. 30 ಎಣಿಸುವಷ್ಟು ಹೊತ್ತು, ಮೂರು ಸಲ, ಬೆಳಿಗ್ಗೆ ಸಂಜೆ. ಬೆರಳಲ್ಲಿ ಟವೆಲ್ ಎಳೆದು ಮುದುರುವ ಅಭ್ಯಾಸವನ್ನೂ ಮಾಡಿದೆ.

ನಾಲ್ಕನೆಯದು, ಜಾಸ್ತಿ ನಡೆದ ದಿನ 10-15 ನಿಮಿಷ ತಣ್ಣೀರು. ಐಸಿದ್ದರೆ ಬಟ್ಟೆಯಲ್ಲಿ ಸುತ್ತಿ. ಮಾತ್ರೆ ಬೇಕೇಬೇಕಾದರೆ ಪ್ಯಾರಾಸಿಟಮಾಲ್, ಅದೂ ನಾಲ್ಕಾರು ದಿನ ಮಾತ್ರ. ಉಳಿದ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ತಿಂದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು. ಬಿ.ಪಿ., ಸಕ್ಕರೆ ಇದ್ದವರಿಗೆ ಇನ್ನೂ ಅಪಾಯ. ನೋವಿನ ಜಾಗಕ್ಕೆ ಹಾಕುವ ಇಂಜೆಕ್ಷನ್ನನ್ನೂ ಮತ್ತೆ ಮತ್ತೆ ಹಾಕಿಸಿದರೆ ಇರುವ ಕೊಬ್ಬಿನ ಮೆತ್ತೆಯೂ ಕರಗುತ್ತದಂತೆ.

ಜಡ್ಡಿಗೆ ಬ್ಲೇಡು ಬೇಡ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ಕಾಲುಜ್ಜುವ ಕಲ್ಲಿನಲ್ಲಿ ದಿನಾ ಸ್ವಲ್ಪ ಸ್ವಲ್ಪ ಉಜ್ಜಿ, ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಕು. ಭಾರ ತಪ್ಪಿದ ಮೇಲೆ ಜಡ್ಡು ತಾನಾಗೇ ಕಡಿಮೆಯಾಯಿತು.

ಹೊಲದಲ್ಲೂ ಮೂರು ಬದಲಾವಣೆ ಮಾಡಿಕೊಂಡೆ. ರಾಗಿಯನ್ನು ಸಾಲಾಗಿ ಬಿತ್ತಿ ಸೈಕಲ್ ಎಡೆಕುಂಟೆ ಹೊಡೆದೆ. ಬುಡದ ಕಳೆಗೆ ಮಾತ್ರ ಕೂರುತ್ತೇವೆ, ಅದೂ ಗಿಡ್ಡ ಮಣೆ ಹಾಕಿಕೊಂಡು, ಹಿಮ್ಮಡಿ ನೆಲಕ್ಕೂರಿ. ಕ್ಯಾನಿಗೆ 10 ಲೀಟರಿಗಿಂತ ಹೆಚ್ಚು ತುಂಬುವುದಿಲ್ಲ. ಏಣಿಯಲ್ಲಿ ನಿಲ್ಲುವ ಮೆಟ್ಟಿಲಿಗೆ ಅಗಲದ ಹಲಗೆ ಬಡಿದಿದ್ದೇನೆ. ಆರು ವಾರಕ್ಕೆ ನೋವು ಅರ್ಧ ಇಳಿಯಿತು, ಮೂರು ತಿಂಗಳಿಗೆ ಮರೆತೇ ಹೋಯಿತು. ಮೂರು ತಿಂಗಳಾದರೂ ಇಳಿಯದಿದ್ದರೆ ಮತ್ತೆ ಡಾಕ್ಟರ ಬಳಿ ಹೋಗಬೇಕು. ಆಪರೇಷನ್ ಬೇಕಾಗುವುದು ಅಪರೂಪ.

ನೋವೇ ಇಲ್ಲದ ಕಾಲು

ಇನ್ನು ಅಣ್ಣನ ವಿಷಯ. ಅವತ್ತು ಡಾಕ್ಟರು ನನ್ನ ಕಣ್ಣು ಮುಚ್ಚಿಸಿ ಬೆರಳ ತುದಿ, ಉಬ್ಬಿಗೆಲ್ಲ ಒಂದು ನೈಲಾನ್ ದಾರ ಮುಟ್ಟಿಸಿದರು. 10 ಗ್ರಾಂ ಒತ್ತಡಕ್ಕೆ ಬಾಗುವ ದಾರ ಅದು. ಮುಟ್ಟಿದಾಗೆಲ್ಲ "ಹೂಂ" ಅನ್ನಬೇಕು. ನಾನು ಎಲ್ಲಕ್ಕೂ ಹೂಂ ಅಂದೆ. "ನಿಮಗೆ ನೋವಿದೆ ಅಂದ್ರೆ ನರ ಚೆನ್ನಾಗಿದೆ. ನೋವು ಗೊತ್ತಾಗದ ಕಾಲೇ ನಮಗೆ ಭಯ" ಅಂದರು. ನನಗೆ ಅಣ್ಣನ ಮಾತು ನೆನಪಾಗಿ ಎದೆ ಧಸಕ್ಕೆಂದಿತು.

ದಾರವಿಲ್ಲದೆ ಮನೆಯಲ್ಲೇ ಮಾಡುವ ಪರೀಕ್ಷೆಯೂ ಇದೆ. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯವರು ಕಂಡುಕೊಂಡದ್ದು. ಕಣ್ಣು ಮುಚ್ಚಿಸಿ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಯನ್ನು ನಮ್ಮ ತೋರುಬೆರಳಿನಿಂದ ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಬೇಕು. ಒತ್ತಬಾರದು, ಚುಚ್ಚಬಾರದು. ಆರರಲ್ಲಿ ಎರಡೋ ಹೆಚ್ಚೋ ತಿಳಿಯದಿದ್ದರೆ ಕಾಲಿಗೆ ಅಪಾಯವಿದೆ ಅಂತ ಲೆಕ್ಕ.

ಊರಿಗೆ ಬಂದ ರಾತ್ರಿಯೇ ಅಣ್ಣನ ಕಾಲು ಮುಟ್ಟಿದೆ. ಆರಕ್ಕೆ ಒಂದಕ್ಕೂ ಅವನು ಹೂಂ ಅನ್ನಲಿಲ್ಲ. "ಮುಟ್ಟೋ, ಇನ್ನೂ ಯಾಕೆ ಮುಟ್ಟಿಲ್ಲ" ಅಂತ ನನ್ನನ್ನೇ ಬೈದ. ಅತ್ತಿಗೆ ಬಾಯಿಗೆ ಸೆರಗು ಹಿಡಿದುಕೊಂಡರು. ಬ್ಯಾಟರಿ ಬಿಟ್ಟು ನೋಡಿದರೆ ಹೆಬ್ಬೆರಳ ಬುಡದ ಜಡ್ಡಿನ ಅಂಚಿನಲ್ಲಿ ಕಪ್ಪಗೆ ಒದ್ದೆ, ವಾಸನೆ. ಮರುದಿನವೇ ಬೌರಿಂಗಿಗೆ ಕರೆದುಕೊಂಡು ಹೋದೆವು. ಜಡ್ಡು ಬಿಡಿಸಿದರೆ ಒಳಗೆ ಮೂಳೆವರೆಗೆ ಹುಣ್ಣು. ಹೆಬ್ಬೆರಳು, ಪಕ್ಕದ ಬೆರಳು ತೆಗೆಯಬೇಕಾಯಿತು. ಪಾದ ಉಳಿಯಿತು. ಆರು ತಿಂಗಳು ಮೊದಲು ಬಂದಿದ್ದರೆ ಬೆರಳೂ ಉಳಿಯುತ್ತಿತ್ತೇನೋ. ಬೇರೆ ಯಾರ ತಪ್ಪೂ ಅಲ್ಲ, ನಾವೇ ಕಾಲು ನೋಡಲಿಲ್ಲ.

ನನಗೂ ಅವನಿಗೂ ಒಂದೇ ಜಾಗದಲ್ಲಿ ಜಡ್ಡು, ಒಂದೇ ಹೊಲದ ಕೆಲಸ, ಒಂದೇ ಥರದ ಚಪ್ಪಲಿ. ನೋವು ನನ್ನನ್ನು ಕುಂಟಿಸಿ ಆಸ್ಪತ್ರೆಗೆ ಕಳಿಸಿತು. ಅವನನ್ನು ಕಳಿಸುವವರು ಯಾರೂ ಇರಲಿಲ್ಲ.

ಇದನ್ನು ಲೋಕಕ್ಕೆ ಮೊದಲು ಬಿಡಿಸಿ ಹೇಳಿದವರಲ್ಲಿ ಪಾಲ್ ಬ್ರಾಂಡ್ ಎಂಬ ಡಾಕ್ಟರು ಒಬ್ಬರು. ಹುಟ್ಟಿದ್ದು 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ. 1946ರಲ್ಲಿ ವೆಲ್ಲೂರಿನ ಆಸ್ಪತ್ರೆಗೆ ಬಂದರು. ನಮ್ಮ ಮಾಲೂರಿನ ರೈಲು ದಾರಿಯಲ್ಲೇ ಮುಂದೆ ಹೋದರೆ ಕಾಟ್ಪಾಡಿ, ಅದರ ಪಕ್ಕವೇ ವೆಲ್ಲೂರು. ಕುಷ್ಠರೋಗಿಗಳ ಬೆರಳು ರೋಗದಿಂದಲೇ ಉದುರುತ್ತವೆ ಅಂತ ಜನ ನಂಬಿದ್ದರು. ಅಲ್ಲ, ರೋಗ ನೋವು ತಿಳಿಯುವ ನರವನ್ನು ಕೊಲ್ಲುತ್ತದೆ, ಆಮೇಲೆ ಸುಟ್ಟದ್ದು, ಚುಚ್ಚಿದ್ದು, ಒತ್ತಿದ್ದು ತಿಳಿಯದೆ ಗಾಯವಾಗಿ ಹಾಳಾಗುತ್ತವೆ ಅಂತ ಅವರು ತೋರಿಸಿಕೊಟ್ಟರು. ಅಂಥ ಕಾಲಿಗಾಗಿ ವೆಲ್ಲೂರು ಕಡೆ ಬಳಕೆಗೆ ತಂದದ್ದೇ ಎಂ.ಸಿ.ಆರ್. ಅನ್ನುವ ಮೆತ್ತನೆ ರಬ್ಬರಿನ ಚಪ್ಪಲಿ. ಕುಷ್ಠರೋಗದಿಂದ ಕಾಲು ಮರಗಟ್ಟಿದವರಿಗೆ ಸರ್ಕಾರದಿಂದ ಅದನ್ನು ಪುಕ್ಕಟೆ ಕೊಡುತ್ತಾರೆ. ಸಕ್ಕರೆ ಕಾಯಿಲೆಯವರಿಗೂ ಅದೇ ಒಳ್ಳೆಯದು. ಅಣ್ಣ ಈಗ ಅದನ್ನೇ ಹಾಕುತ್ತಾನೆ.

ಸಕ್ಕರೆ ಕಾಯಿಲೆಯವರು ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ದಿನಾ ರಾತ್ರಿ ಅಂಗಾಲು ನೋಡಬೇಕು, ಬಗ್ಗಲಾಗದಿದ್ದರೆ ಕನ್ನಡಿ ಇಟ್ಟುಕೊಂಡು. ಬೆರಳ ಸಂದಿ ಒರೆಸಿ ಒಣಗಿಸಬೇಕು. ಒಲೆ, ಬಿಸಿನೀರಲ್ಲಿ ಕಾಲು ಕಾಯಿಸಬಾರದು, ಐಸೂ ಬೇಡ. ಆಣಿಗೆ ಅಂಗಡಿಯ ಪಟ್ಟಿ, ಸುಣ್ಣ, ಗೇರೆಣ್ಣೆ ಯಾವುದೂ ಬೇಡ. ಜಡ್ಡನ್ನು ಆಸ್ಪತ್ರೆಯಲ್ಲೇ ತೆಗೆಸಬೇಕು. ಗಾಯ ಕಂಡರೆ ಅವತ್ತೇ ಹೋಗಬೇಕು, ಸಂತೆ ದಿನ ನೋಡೋಣ ಅನ್ನಬಾರದು. 30 ದಾಟಿದವರಿಗೆ ಸಕ್ಕರೆ, ಬಿ.ಪಿ. ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ.

ಈಗ ನಮ್ಮ ಮನೆಯಲ್ಲಿ ರಾತ್ರಿ ಊಟವಾದ ಮೇಲೆ ಮೊಮ್ಮಗ ಬ್ಯಾಟರಿ ತಂದು ದೊಡ್ಡಜ್ಜನ ಅಂಗಾಲು ನೋಡುತ್ತಾನೆ. ಅಣ್ಣ ಮೊದಮೊದಲು ಬೈಯುತ್ತಿದ್ದ. ಈಗ ತಾನೇ ಕಾಲು ಚಾಚುತ್ತಾನೆ. ಹುಡುಗ ಅಲ್ಲಿಂದ ಕೊಟ್ಟಿಗೆಗೆ ಹೋಗಿ ಎತ್ತಿನ ಗೊರಸನ್ನೂ ನೋಡಿ ಬರುತ್ತಾನೆ.

ಓದುಗರೇ, ಇದನ್ನು ಓದಿ ಮುಗಿಸಿದ ಮೇಲೆ ಬಾಗಿಲ ಬಳಿ ಬಿಟ್ಟಿರುವ ನಿಮ್ಮ ಚಪ್ಪಲಿ ಒಮ್ಮೆ ತಿರುಗಿಸಿ ನೋಡಿ. ನಿಮ್ಮದು ಮಾತ್ರ ಅಲ್ಲ, ಮನೆಯ ಹೆಂಗಸರದ್ದೂ ನೋಡಿ. ಕೂತು ಮಾಡುವ ಕೆಲಸಕ್ಕೆ ಕಾಲಿಗೆ ಸುಖವಾಗುವ ಬೇರೆ ಸಾಧನ ಯಾರಾದರೂ ಮಾಡಿಕೊಂಡಿದ್ದರೆ ಪತ್ರಿಕೆಗೆ ಬರೆಯಿರಿ. ಎಲ್ಲರಿಗೂ ಉಪಯೋಗವಾಗುತ್ತದೆ.